ಗೈರುಹಾಜರಾದವರು ಯಾರು?

ಉಡುಪಿಯಿಂದ ಕಾರ್ಕಳದವರೆಗೆ ಸ್ಟಾಫ್ ರೂಮುಗಳಲ್ಲಿ ಒಂದು ಮಾತು ದಿನವೂ ಓಡಾಡುತ್ತದೆ: "ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ ಮಾರಾಯ್ರೆ. ಪಾಠ ಮಾಡಿ ಎಂತ ಪ್ರಯೋಜನ?" ಹೇಳಿದವರು ಚಹಾದ ಲೋಟ ಕೆಳಗಿಡುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಗಂಟೆ ಹೊಡೆದು ಹತ್ತು ನಿಮಿಷ ಕಳೆದಿರುತ್ತದೆ. ಏಳುವವರು ಯಾರೂ ಇಲ್ಲ.

ಈ ಮಾತಿಗೆ ನಾವು ಉತ್ತರ ಕೊಡಬೇಕಾಗಿದೆ.

ನಾವೆಂದರೆ ಯಾರು? ಮನೆಯಲ್ಲಿ ಮೊದಲು ಡಿಗ್ರಿ ಕಂಡವರು. ಅಮ್ಮ ಬೀಡಿ ಕಟ್ಟಿದ, ಅಪ್ಪ ಕೋರೆಯಲ್ಲಿ ಕಲ್ಲು ಒಡೆದ ದುಡ್ಡಿನಲ್ಲಿ ಓದಿದವರು. ಈಗ ಅದೇ ಕಾಲೇಜುಗಳಲ್ಲಿ 'ಅತಿಥಿ ಉಪನ್ಯಾಸಕ'ರೆಂಬ ಹೆಸರಿನಲ್ಲಿ ದುಡಿಯುತ್ತಿರುವವರು. ಅತಿಥಿ! ಎಂಥ ಚಂದದ ಹೆಸರು ಸ್ವಾಮಿ! ಮನೆಗೆ ಬಂದ ನೆಂಟರಿಗೆ ಮೊದಲು ಬೆಲ್ಲ ನೀರು ಕೊಡುವ ನಾಡು ಇದು. ಈ ಅತಿಥಿಗೆ ಬೆಲ್ಲವೂ ಇಲ್ಲ, ನೀರೂ ಇಲ್ಲ. ಮನೆಯವರು ಮಾಡದೆ ಬಿಟ್ಟ ಕೆಲಸ ಮಾತ್ರ ಉಂಟು. ಅವರ ತರಗತಿ ನಮಗೆ, ಅವರ ಫೈಲು ನಮಗೆ, ಅವರು ನೋಡಬೇಕಾದ ಉತ್ತರಪತ್ರಿಕೆಯ ಕಟ್ಟು ನಮಗೆ.

ಲೆಕ್ಕವನ್ನೂ ಹೇಳಿಬಿಡುತ್ತೇವೆ. 2022ರ ಜನವರಿಯವರೆಗೆ ಕರ್ನಾಟಕದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11,000 ಅಥವಾ 13,000 ರೂಪಾಯಿ. ವಾರಗಟ್ಟಲೆ ಮುಷ್ಕರ ಹೂಡಿದ ಮೇಲೆ ಅದು 26,000ದಿಂದ 32,000ದವರೆಗೆ ಏರಿತು. ಒಂದು ಕೈಯಲ್ಲಿ ಕೊಟ್ಟ ಸರಕಾರ ಇನ್ನೊಂದು ಕೈಯಲ್ಲಿ ವಾರದ ಕೆಲಸವನ್ನು 15 ಗಂಟೆಗೆ ಏರಿಸಿತು. ಇಬ್ಬರ ಪಾಠ ಒಬ್ಬನ ತಲೆಗೆ ಬಂತು, ಇನ್ನೊಬ್ಬ ಬೀದಿಗೆ ಬಿದ್ದ. 2023ರ ಕೊನೆಯಲ್ಲಿ ಮತ್ತೆ ಮುಷ್ಕರ ನಡೆಯಿತು. 2024ರ ಜನವರಿಯಲ್ಲಿ ಉಪನ್ಯಾಸಕರು ಕಾಯಮಾತಿ ಕೇಳಿ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಎಂ.ಎ. ಮಾಡಿದವರು, ಪಿಎಚ್.ಡಿ. ಮಾಡಿದವರು ಹೆದ್ದಾರಿಯ ಡಾಂಬರಿನ ಮೇಲೆ ನಡೆದರು.

ಇತ್ತ ಯುಜಿಸಿಯ 2018ರ ನಿಯಮದಂತೆ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಶುರುವಾಗುವುದೇ 57,700 ರೂಪಾಯಿಯಿಂದ. ನಮಗೆ ಆ ಸಂಬಳದ ಮೇಲೆ ಹೊಟ್ಟೆಕಿಚ್ಚಿಲ್ಲ. ಮೇಷ್ಟ್ರಿಗೆ ಒಳ್ಳೆ ಸಂಬಳ ಸಿಗಲೇಬೇಕು, ಎಲ್ಲ ಮೇಷ್ಟ್ರಿಗೂ ಸಿಗಬೇಕು. ಆದರೆ ಆ ನಿಯಮದಲ್ಲೇ ಇನ್ನೂ ಕೆಲವು ಸಾಲುಗಳಿವೆ. ವಾರಕ್ಕೆ 16 ಗಂಟೆ ನೇರ ಬೋಧನೆ ಮಾಡಬೇಕು. ದಿನಕ್ಕೆ ಕಡಿಮೆಯೆಂದರೂ 5 ಗಂಟೆ ಕಾಲೇಜಿನಲ್ಲಿ ಸಿಗಬೇಕು. ವರ್ಷಕ್ಕೆ 180 ದಿನ ಪಾಠ ನಡೆಯಬೇಕು. ಸಂಬಳದ ಸಾಲನ್ನು ಬಾಯಿಪಾಠ ಮಾಡಿದವರು ಈ ಸಾಲುಗಳನ್ನು ಯಾಕೆ ಓದಲಿಲ್ಲ?

ಏನು ನಡೆಯುತ್ತಿದೆಯೆಂದು ಕಂಡದ್ದನ್ನೇ ಹೇಳುತ್ತೇವೆ. ಹತ್ತು ವರ್ಷ ಹಿಂದಿನ ಹಳದಿ ನೋಟ್ಸು ತಂದು ಬರೆಸಿ ಎದ್ದುಹೋಗುವವರಿದ್ದಾರೆ. ಎರಡು ಸೆಕ್ಷನ್ ಸೇರಿಸಿ ಒಂದು ಪಾಠ ಮಾಡಿ ಎರಡು ಸಹಿ ಹಾಕುವವರಿದ್ದಾರೆ. ಊರಿನ ಬ್ರಹ್ಮಕಲಶದ ಸಮಿತಿ, ಸನ್ಮಾನ, ತಾಳಮದ್ದಳೆ, ಜಾಗದ ವ್ಯಾಪಾರ, ವಿಮೆಯ ಪಾಲಿಸಿ ಎಲ್ಲಕ್ಕೂ ಸಮಯ ಉಂಟು. ಬಿ.ಎ. ಎರಡನೆಯ ವರ್ಷಕ್ಕೆ ಮಾತ್ರ ಇಲ್ಲ! ಮುಖ ನೋಡಿ, ಮನೆತನ ನೋಡಿ ಇಂಟರ್ನಲ್ ಮಾರ್ಕು ಬೀಳುತ್ತದೆ. ನ್ಯಾಕ್ ತಂಡ ಬರುತ್ತದೆಂದು ಗೊತ್ತಾದರೆ ಸಾಕು, ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ. ನಡೆಯದ ವಿಚಾರ ಸಂಕಿರಣಕ್ಕೂ ವರದಿ ಸಿದ್ಧವಾಗುತ್ತದೆ. ತಂಡ ಹೋದ ಮಾರನೆಯ ದಿನ ತೋರಣ ಬಾಡುತ್ತದೆ, ಪಾಠವೂ ಬಾಡುತ್ತದೆ.

ಎಲ್ಲರೂ ಹೀಗೆಯೇ? ಅಲ್ಲ. ಗಂಟಲು ಹರಿಯುವವರೆಗೆ ಪಾಠ ಮಾಡುವವರು, ತಮ್ಮ ದುಡ್ಡಿನಲ್ಲಿ ಪುಸ್ತಕ ತಂದು ಮಕ್ಕಳ ಕೈಗೆ ಕೊಡುವವರು ಇದ್ದಾರೆ. ಅವರಿಂದಲೇ ನಾವು ಇವತ್ತು ಇಲ್ಲಿ ನಿಂತಿದ್ದೇವೆ. ಆದರೆ ಸ್ಟಾಫ್ ರೂಮಿನಲ್ಲಿ ಅವರಿಗೆ ಸಿಗುವ ಮರ್ಯಾದೆ ನೋಡಿ! ಗಂಟೆ ಹೊಡೆದ ಕೂಡಲೇ ಎದ್ದುಹೋಗುವವರನ್ನು ಕಂಡು ನಗುತ್ತಾರೆ. "ಹೊಸಬ, ಸ್ವಲ್ಪ ಸಮಯ ಹೋಗ್ಲಿ, ಸರಿಯಾಗ್ತಾನೆ." ಕೆಲಸ ಮಾಡುವುದು ರೋಗ, ಮಾಡದೆ ಇರುವುದು ಆರೋಗ್ಯ!

ಒಂದು ತರಗತಿ ತಪ್ಪಿದರೆ ಎಂತ ಮಹಾ ಹೋಯಿತು ಎನ್ನುತ್ತಾರೆ. ಎಂತ ಹೋಯಿತೆಂದು ನಾವು ಹೇಳುತ್ತೇವೆ, ಕೇಳಿ.

ಕಾರ್ಕಳದ ಒಳಗಿನ ಹಳ್ಳಿಯ ಒಬ್ಬಳು ಹುಡುಗಿ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಹುಡುಗಿ ಬೆಳಗ್ಗೆ ಆರಕ್ಕೆ ಎದ್ದು ನೀರು ಹೊತ್ತು, ಗಂಜಿ ಬೇಯಿಸಿ, ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುತ್ತಾಳೆ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ, ನಿಜ. ಆದರೆ ನಮ್ಮ ಕರಾವಳಿಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ದುಡ್ಡು ಕೊಡದೆ ಇಳಿಯಲಿಕ್ಕಿಲ್ಲ. ಅವಳು ಬಂದು ಬೆಂಚಿನ ಮೇಲೆ ಕೂರುತ್ತಾಳೆ. ಮೇಷ್ಟ್ರು ಬರುವುದಿಲ್ಲ. ಎರಡನೆಯ ಗಂಟೆ, ಅವರೂ ಬರುವುದಿಲ್ಲ. ಅವಳು ಎದ್ದು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾಳೆ. ಅಮ್ಮ ಸಿಪ್ಪೆ ಸುಲಿದು ಕಪ್ಪಾದ ಬೆರಳಲ್ಲಿ ಎಣಿಸಿ ಕೊಟ್ಟ ದುಡ್ಡು ಬಸ್ಸಿನ ಹೊಗೆಯಾಗಿ ಹೋಯಿತು. ಅದನ್ನು ಕದ್ದವರು ಯಾರು?

ಉಳ್ಳವರ ಮನೆಯ ಮಗುವಿಗೆ ತರಗತಿ ತಪ್ಪಿದರೆ ಮನೆಯಲ್ಲಿ ಓದಿದ ಅಪ್ಪ ಇದ್ದಾನೆ, ಅಣ್ಣ ಇದ್ದಾನೆ, ಕಪಾಟಿನ ತುಂಬ ಪುಸ್ತಕ ಇದೆ, ಸಂಜೆ ಟ್ಯೂಶನ್ ಇದೆ. ನಮ್ಮ ಮಗುವಿಗೆ ಆ ಒಂದು ಗಂಟೆ ಬಿಟ್ಟರೆ ಬೇರೆ ಗುರುವಿಲ್ಲ, ಬೇರೆ ಪುಸ್ತಕವಿಲ್ಲ. ಆ ಗಂಟೆಯನ್ನು ತಿಂದವನು ಅದರ ಬಟ್ಟಲಿನ ಅನ್ನವನ್ನೇ ತಿಂದ.

ಉಡುಪಿಯಿಂದ ಗುಡ್ಡ ಹತ್ತಿದರೆ ಮಣಿಪಾಲ. 1953ರಲ್ಲಿ ಟಿ.ಎಂ.ಎ. ಪೈಯವರು ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಇಂದು ಅದು ದೇಶದ ಮೂಲೆಮೂಲೆಯ ಅನುಕೂಲವಂತರ ಮಕ್ಕಳು ಬಂದು ಓದುವ ಊರು. ನಮ್ಮ ಹಿರಿಯ ಸಹೋದ್ಯೋಗಿಗಳಲ್ಲಿ ಎಷ್ಟೋ ಮಂದಿಯ ಮಕ್ಕಳು ಅಂಥ ಕಡೆ ಓದುತ್ತಾರೆ. ಓದಲಿ, ಸಂತೋಷ. ಅಲ್ಲಿ ಒಂದು ಪಾಠ ತಪ್ಪಿದರೆ ಈ ಅಪ್ಪಂದಿರು ಫೋನು ಎತ್ತುತ್ತಾರೆ. "ಇಷ್ಟು ಫೀಸು ಕಟ್ಟಿದ್ದೇವೆ, ಎಂತ ಮಾಡ್ತಿದ್ದೀರಿ ನೀವು?" ಸರಿಯಾದ ಪ್ರಶ್ನೆ! ಅದೇ ಗುಡ್ಡದ ಮೇಲೆ ಹಾಸ್ಟೆಲಿನ ಕಾರಿಡಾರು ಒರೆಸುವ ಹೆಂಗಸಿನ ಮಗ ನಿಮ್ಮ ತರಗತಿಯಲ್ಲಿ ಕೂತಿದ್ದಾನೆ. ಅವಳ ಹತ್ತಿರ ನಿಮ್ಮ ನಂಬರಿಲ್ಲ. ಅವಳು ಫೋನು ಮಾಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಿಮ್ಮ ಚಹಾ ಇಷ್ಟು ಹೊತ್ತು ಬಿಸಿಯಾಗಿರುವುದು.

ಮಕ್ಕಳು ತರಗತಿಯಲ್ಲಿ ನಿದ್ದೆ ಮಾಡುತ್ತಾರಂತೆ. ಹೌದು, ಮಾಡುತ್ತಾರೆ. ರಾತ್ರಿ ಒಂದು ಗಂಟೆಯವರೆಗೆ ಮದುವೆ ಹಾಲಿನಲ್ಲಿ ಕೇಟರಿಂಗಿನವರ ಜೊತೆ ಬಡಿಸಿ, ಪಾತ್ರೆ ಎತ್ತಿ ಬಂದ ಹುಡುಗ ನಿದ್ದೆ ಮಾಡದೆ ಏನು ಮಾಡುತ್ತಾನೆ? ಕಾಪುವಿನ ಕಡಲ ಬದಿಯ ಹುಡುಗ ಬೆಳಗಿನ ಜಾವ ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತಿ ಹಾಗೆಯೇ ಬಂದಿರುತ್ತಾನೆ. ಮೈಯಲ್ಲಿ ಮೀನಿನ ವಾಸನೆಯೆಂದು ಮೂಗು ಮುಚ್ಚುವ ಮೇಷ್ಟ್ರೇ, ಅದು ಅವನು ತಾನೇ ದುಡಿದು ಕಟ್ಟಿದ ಫೀಸಿನ ವಾಸನೆ.

"ಸ್ಕಾಲರ್‌ಶಿಪ್ಪಿಗೋಸ್ಕರ ಬರುವವರು" ಎಂಬ ಚುಚ್ಚುಮಾತು ಇನ್ನೊಂದು. ಕೊರಗರನ್ನು ಅಜಲು ಚಾಕರಿಗೆ ಹಚ್ಚುವುದನ್ನು ಕಾಯಿದೆ ನಿಷೇಧಿಸಿದ್ದು 2000ನೇ ಇಸವಿಯಲ್ಲಿ. ಎಂಜಲೆಲೆ, ಡೋಲು, ಹೀನ ಚಾಕರಿ ದಾಟಿ ಆ ಕಾಲನಿಯಿಂದ ಒಬ್ಬಳು ಹುಡುಗಿ ಡಿಗ್ರಿ ತರಗತಿಗೆ ಬರಲಿಕ್ಕೆ ಎಷ್ಟು ತಲೆಮಾರು ಬೇಕಾಯಿತು? ಅವಳು ಬಂದ ದಿನ ನೀವು ರಜೆಯಲ್ಲಿದ್ದಿರಿ!

2022ರ ಜನವರಿ-ಫೆಬ್ರವರಿಯಲ್ಲಿ ಉಡುಪಿಯ ಕಾಲೇಜುಗಳ ಗೇಟುಗಳನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ತಲೆಗೆ ಬಟ್ಟೆ ಹಾಕಿದ್ದಕ್ಕೆ ಹುಡುಗಿಯರನ್ನು ಹೊರಗೆ ನಿಲ್ಲಿಸಿದರು. ಎದುರಿಗೆ ಕೇಸರಿ ಶಾಲು ಹೊದ್ದ ಹುಡುಗರು ಕೂಗಿದರು. ಸರಕಾರ ಮೂರು ದಿನ ಶಾಲೆ ಕಾಲೇಜು ಮುಚ್ಚಿತು. ಗೇಟಿನಲ್ಲಿ ನಿಂತು ಹುಡುಗಿಯರ ತಲೆ ನೋಡಿದವರಲ್ಲಿ ಒಬ್ಬರಾದರೂ ಒಳಗೆ ಹೋಗಿ ಮೇಜಿನ ಹಿಂದೆ ಮೇಷ್ಟ್ರು ಇದ್ದಾರೋ ಇಲ್ಲವೋ ಎಂದು ನೋಡಿದರೇ? ಪಾಠವಿಲ್ಲದ ಗಂಟೆಯಲ್ಲಿ ಹುಡುಗರ ಹೆಗಲಿಗೆ ಶಾಲು ಹಾಕಲು ಹೊರಗಿನವರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಅವರು ಎಂದೂ ಗೈರುಹಾಜರಾಗುವುದಿಲ್ಲ. ಇದು ನೆನಪಿರಲಿ.

ಈಗ ನಮ್ಮವರ ಕಡೆಗೆ ತಿರುಗಿ ಒಂದು ಮಾತು. ಇದನ್ನು ಹೇಳದೆ ಬಿಟ್ಟರೆ ನಮ್ಮ ಲೇಖನಿ ಸುಳ್ಳಾಗುತ್ತದೆ. 1897ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ತಮ್ಮ ಶಾಲೆಯಲ್ಲಿ ಕಲಿತವರು ಸರಕಾರಿ ಕೆಲಸಕ್ಕೆ ಸೇರಿ ಈ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಆಸೆಪಟ್ಟಿದ್ದನ್ನು ಈ ಕಡೆ ಎಲ್ಲರೂ ನೆನೆಯುತ್ತಾರೆ. ಕಾರು ಬಂದಿದೆ. ಧೂಳೂ ಏಳುತ್ತಿದೆ. ಆದರೆ ನಮ್ಮವರ ಕಾರುಗಳಲ್ಲೂ ಕೆಲವು ಮಧ್ಯಾಹ್ನ ಒಂದಕ್ಕೆ ಗೇಟು ದಾಟಿ ಹೋಗುತ್ತವೆ! ಮೀಸಲಾತಿ ಭಿಕ್ಷೆಯಲ್ಲ, ಹಕ್ಕು. ಆ ಹಕ್ಕಿಗೆ ಕೈ ಹಾಕುವವರ ವಿರುದ್ಧ ನಾವು ಬೀದಿಗೆ ಇಳಿಯುತ್ತೇವೆ. ಹಾಗೆಯೇ ಆ ಹಕ್ಕಿನಿಂದ ಸಿಕ್ಕಿದ ಕುರ್ಚಿಯಲ್ಲಿ ಕೂತು ನಮ್ಮದೇ ಕೇರಿಯ ಮಗುವಿಗೆ ಪಾಠ ಮಾಡದವರನ್ನು ನಾವು ನಮ್ಮವರೆಂದು ಕರೆಯುವುದಿಲ್ಲ. ನಿಮ್ಮ ಕುರ್ಚಿಗಾಗಿ ಲಾಠಿ ತಿಂದವರು ಇನ್ನೂ ಬದುಕಿದ್ದಾರೆ.

ಬಾಬಾಸಾಹೇಬರ ಫೋಟೋ ಸ್ಟಾಫ್ ರೂಮಿನ ಗೋಡೆಯಲ್ಲಿ ಉಂಟು. ಅವರೂ ಒಬ್ಬ ಕಾಲೇಜು ಮೇಷ್ಟ್ರಾಗಿದ್ದರೆಂಬುದು ಎಷ್ಟು ಮಂದಿಗೆ ಗೊತ್ತು? 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿಗೆ ರಾಜಕೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. ಅಲ್ಲಿನ ಕೆಲವು ಅಧ್ಯಾಪಕರು ತಮ್ಮ ನೀರಿನ ಪಾತ್ರೆಯಿಂದ ಅವರು ನೀರು ಕುಡಿಯಬಾರದೆಂದು ತಕರಾರು ತೆಗೆದರು. ಮೊದಮೊದಲು ವಿದ್ಯಾರ್ಥಿಗಳಿಗೂ ಉತ್ಸಾಹವಿರಲಿಲ್ಲ. ಅಸ್ಪೃಶ್ಯ ಏನು ಕಲಿಸುತ್ತಾನೆ ಎಂಬ ತಾತ್ಸಾರ. ಸಹೋದ್ಯೋಗಿಗಳೂ ಸರಿಯಿಲ್ಲ, ಮಕ್ಕಳಿಗೂ ಆಸಕ್ತಿಯಿಲ್ಲ! ಇಂದು ನೀವು ಹೇಳುವ ಎರಡೂ ನೆಪಗಳು ಅವರ ಮುಂದಿದ್ದವು. ಅವರು ಸಿದ್ಧತೆ ಮಾಡಿಕೊಂಡು ಪಾಠ ಮಾಡಿದರು. ಕೊನೆಗೆ ಬೇರೆ ಕಾಲೇಜಿನ ವಿದ್ಯಾರ್ಥಿಗಳೂ ಬಂದು ಕೂತು ಕೇಳುವಂತಾಯಿತು. 1946ರಲ್ಲಿ ಅವರ ಸಂಸ್ಥೆ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ದುಡಿದು ಓದುವ ಹುಡುಗರಿಗಾಗಿ ಬೆಳಗಿನ ತರಗತಿಗಳನ್ನು ಇಟ್ಟರು. ದುಡಿಯುವ ಹುಡುಗನ ನಿದ್ದೆಗಣ್ಣನ್ನು ಕಂಡು ನಗಲಿಲ್ಲ, ಗಂಟೆಯನ್ನೇ ಬದಲಿಸಿದರು.

ಹಿಂದಿನ ಬೆಂಚಿನ ತಮ್ಮಂದಿರೇ, ತಂಗಿಯರೇ, ನಿಮ್ಮ ಹತ್ತಿರವೂ ಮಾತಿದೆ. ನಿಮ್ಮಲ್ಲಿ ಎಲ್ಲರೂ ರಾತ್ರಿ ದುಡಿದು ಬಂದವರಲ್ಲ. ಮೇಷ್ಟ್ರು ಬಾರದ ದಿನ "ಬಚಾವ್" ಎಂದು ಕೇಕೆ ಹಾಕುತ್ತೀರಿ. ನಿಮ್ಮ ಮನೆ ದೋಚಿದವನಿಗೆ ಚಪ್ಪಾಳೆ ತಟ್ಟುವುದೆಂದರೆ ಇದೇ. ಬೆಂಚಿನ ಕೆಳಗೆ ಮೊಬೈಲು ಬೆಳಗುತ್ತದೆ, ಪರೀಕ್ಷೆಯ ಹಿಂದಿನ ದಿನ ಜೆರಾಕ್ಸ್ ಅಂಗಡಿಯೇ ನಿಮ್ಮ ಗುರುಮಠವಾಗುತ್ತದೆ. ನಿಮ್ಮ ಈ ಮೌನ ಅವರಿಗೆ ಎಷ್ಟು ಹಿತ ಗೊತ್ತಾ? ನೀವು ಪ್ರಶ್ನೆ ಕೇಳದಿದ್ದರೆ ಅವರು ಸಿದ್ಧತೆ ಮಾಡಬೇಕಾಗಿಲ್ಲ. ಅವರು ಪಾಠ ಮಾಡುವುದಿಲ್ಲ, ನೀವು ಕೇಳುವುದಿಲ್ಲ. ಒಳ್ಳೆ ರಾಜಿ! ಈ ರಾಜಿಯಲ್ಲಿ ಅವರಿಗೆ ಸಂಬಳ ಸಿಗುತ್ತದೆ. ನಿಮಗೆ ಸಿಗುವುದು ಓದಲು ಬಾರದ ಒಂದು ಕಾಗದ. ಕನ್ನಡದಲ್ಲಿ ಬಾರದಿದ್ದರೆ ತುಳುವಿನಲ್ಲಿ ಕೇಳಿ. ಮನೆಯ ಮಾತಿನಲ್ಲಿ ಕೇಳಿದ ಪ್ರಶ್ನೆಗೆ ಮೈಲಿಗೆ ಇಲ್ಲ.

ಸರಕಾರಕ್ಕೂ ಹೇಳುತ್ತೇವೆ. ಕಾಯಂ ಒಂದು ಜಾತಿ, ಅತಿಥಿ ಇನ್ನೊಂದು ಜಾತಿ ಎಂದು ಸ್ಟಾಫ್ ರೂಮಿನಲ್ಲಿ ಹೊಸ ವರ್ಣವ್ಯವಸ್ಥೆ ಕಟ್ಟಿದ್ದು ನೀವೇ. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲದವನು ಮೇಲಿನವರ ಕಳ್ಳತನವನ್ನು ಕಂಡರೂ ಬಾಯಿ ಬಿಡಲಾರ. ಆ ಭಯವೇ ನಿಮಗೆ ಅಗ್ಗ. ಖಾಲಿ ಹುದ್ದೆ ತುಂಬಿ. ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಿ. ಆಮೇಲೆ ಗಂಟೆಗಂಟೆಗೂ ಲೆಕ್ಕ ಕೇಳಿ, ಕೊಡುತ್ತೇವೆ.

ಅಲ್ಲಿಯವರೆಗೆ ಕಾಯುವುದು ಬೇಡ. ಉಡುಪಿ, ಕಾಪು, ಕಾರ್ಕಳದ ವಿದ್ಯಾರ್ಥಿ ಗೆಳೆಯರೇ, ನಾಳೆಯಿಂದಲೇ ಒಂದು ಕೆಲಸ ಮಾಡಿ. ಕರಿಹಲಗೆಯ ಮೇಲ್ಮೂಲೆಯಲ್ಲಿ ಎರಡು ಸಂಖ್ಯೆ ಬರೆಯಿರಿ. ಇಂದು ನಡೆಯಬೇಕಾದ ಪಾಠ ಇಷ್ಟು, ನಡೆದದ್ದು ಇಷ್ಟು. ದಿನವೂ ಬರೆಯಿರಿ. ಯಾರಾದರೂ ಒರೆಸಿದರೆ ಮತ್ತೆ ಬರೆಯಿರಿ. ತಿಂಗಳ ಕೊನೆಗೆ ಕೂಡಿಸಿ ಪ್ರಿನ್ಸಿಪಾಲರ ಮೇಜಿನ ಮೇಲಿಡಿ, ಊರಿನ ಗೋಡೆಗೆ ಅಂಟಿಸಿ. ನಿಮ್ಮ ಹಾಜರಿ 75ಕ್ಕೆ ಒಂದು ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುತ್ತಾರಲ್ಲ, ಅವರ ಹಾಜರಿಯನ್ನೂ ಒಮ್ಮೆ ಕರೆದು ನೋಡಿ. ನಮ್ಮ ಹೆಸರನ್ನೂ ಆ ಪಟ್ಟಿಯಲ್ಲಿ ಸೇರಿಸಿ.

ಶತಮಾನಗಳ ಕಾಲ ನಮ್ಮ ಹಿರಿಯರು ಈ ಬಾಗಿಲ ಹೊರಗೆ ನಿಂತಿದ್ದರು. ಈಗ ಒಳಗೆ ಬಂದಿದ್ದೇವೆ. ಖಾಲಿ ಕುರ್ಚಿಯ ಮುಖ ನೋಡಿಕೊಂಡು ಕೂರಲಿಕ್ಕೆ ಬಂದದ್ದಲ್ಲ.