ಆಟ ನೋಡುವ ಕಣ್ಣು

ನಮ್ಮ ವಿದ್ಯಾರ್ಥಿನಿಲಯದಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಟಕ್ಕೆ ಮನಸೋತವರು ಏಳೆಂಟು ಮಂದಿ ಇದ್ದೇವೆ. ಮ್ಯಾಂಚೆಸ್ಟರನ್ನಾಗಲಿ ಲಿವರ್‌ಪೂಲನ್ನಾಗಲಿ ನಮ್ಮಲ್ಲಿ ಒಬ್ಬರೂ ಕಂಡವರಲ್ಲ. ಆದರೂ ಶನಿವಾರ ಅಲ್ಲಿ ಚೆಂಡು ಉರುಳತೊಡಗಿತೆಂದರೆ ಇಲ್ಲಿ ನಮ್ಮ ಪುಸ್ತಕಗಳು ಮುಚ್ಚಿಕೊಳ್ಳುತ್ತವೆ. ಎಲ್ಲ ಪಂದ್ಯಗಳನ್ನೂ ನೋಡುವ ಅನುಕೂಲ ನಮಗಿಲ್ಲ; ನೋಡಿದ್ದು ಒಂದಾದರೆ ಓದಿದ್ದು ಹತ್ತು. ಆದ್ದರಿಂದ ಕ್ರೀಡಾ ವರದಿಗಾರನ ಕಣ್ಣೇ ನಮ್ಮ ಕಣ್ಣು.

ಕಳೆದ ವರ್ಷ ಊಟದ ಮನೆಯಲ್ಲಿ ಒಂದು ವಾದ ನಡೆಯಿತು. ಒಬ್ಬ ಆಟಗಾರನನ್ನು ‘ಸೋಮಾರಿ, ದುಡ್ಡಿಗೆ ಆಡುವವನು’ ಎಂದು ನಾನು ಗಟ್ಟಿಯಾಗಿ ಖಂಡಿಸಿದೆ. ಗೆಳೆಯನೊಬ್ಬ ಶಾಂತವಾಗಿ ಕೇಳಿದ: “ಅವನು ಆಡಿದ್ದನ್ನು ನೀನು ಎಷ್ಟು ಸಲ ನೋಡಿದ್ದೀಯೆ?” ಒಂದು ಸಲವೂ ನೋಡಿರಲಿಲ್ಲ. ನನ್ನ ಬಾಯಿಂದ ಬಂದದ್ದು ಯಾವುದೋ ತಲೆಬರಹದ ಮಾತು. ಅಂದಿನಿಂದ ಈ ವಿಷಯ ನನ್ನ ಮನಸ್ಸನ್ನು ಕೊರೆಯುತ್ತಲೇ ಇದೆ.

ವರದಿಗಾರನೆಂದರೆ ಆಟದ ಜೊತೆಯಲ್ಲೇ ಬಾಳಿದವನು ಎಂಬ ಕಾಲವೊಂದಿತ್ತು. 1958ರ ಫೆಬ್ರವರಿ 6ರಂದು ಮ್ಯೂನಿಕ್ ನಗರದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವಿಮಾನ ಅಪಘಾತಕ್ಕೀಡಾಗಿ ಒಟ್ಟು 23 ಮಂದಿ ತೀರಿಕೊಂಡರು. ಅವರಲ್ಲಿ ಎಂಟು ಮಂದಿ ಆಟಗಾರರೆಂಬುದು ಎಲ್ಲರಿಗೂ ತಿಳಿದಿದೆ. ಎಂಟು ಮಂದಿ ಪತ್ರಿಕೆಯವರೂ ಇದ್ದರೆಂಬುದನ್ನು ನೆನೆಯುವವರು ಕಡಮೆ. ಒಂದು ಕಾಲಕ್ಕೆ ಇಂಗ್ಲೆಂಡಿನ ಗೋಲ್‌ಕೀಪರನಾಗಿದ್ದ ಫ್ರಾಂಕ್ ಸ್ವಿಫ್ಟ್ ಅವರಲ್ಲೊಬ್ಬ. ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯ ಡಾನಿ ಡೇವಿಸ್ ಇನ್ನೊಬ್ಬ. ಹಿಂದಿನ ದಿನ ಬೆಲ್‌ಗ್ರೇಡಿನಲ್ಲಿ ನಡೆದ 3-3ರ ಪಂದ್ಯವನ್ನು ಕಣ್ಣಾರೆ ಕಂಡು ವರದಿ ಕಳುಹಿಸಿ, ಆಟಗಾರರೊಡನೆಯೇ ವಿಮಾನ ಹತ್ತಿದವರು ಅವರು. ಹಿಂದಿನವರೆಲ್ಲ ದೇವತೆಗಳೆಂದು ನಾನು ಹೇಳುವುದಿಲ್ಲ. ಆದರೆ ಕಂಡದ್ದನ್ನು ಬರೆಯುವುದೇ ಅವರ ಕಸುಬಾಗಿತ್ತು.

ಈಗ ಅನೇಕ ಪತ್ರಿಕೆಗಳಲ್ಲಿ ಆಟಕ್ಕಿಂತ ಗದ್ದಲವೇ ಹೆಚ್ಚು. ಯಾರ ಮಾರಾಟ, ಯಾರ ಖರೀದಿ, ಯಾವ ತರಬೇತುದಾರನ ಕುರ್ಚಿ ಅಲುಗುತ್ತಿದೆ, ಇವೇ ಸುದ್ದಿ. ಇದು ನಿನ್ನೆ ಮೊನ್ನೆ ಹುಟ್ಟಿದ ರೋಗವಲ್ಲ. 1992ರ ಯೂರೋಪಿಯನ್ ಸ್ಪರ್ಧೆಯಲ್ಲಿ ಇಂಗ್ಲೆಂಡ್ ಸ್ವೀಡನ್ನಿಗೆ 2-1ರಿಂದ ಸೋತಿತು. ‘ಸ್ವೀಡ್’ ಎಂಬುದು ಅವರಲ್ಲಿ ಒಂದು ಗಡ್ಡೆಯ ಹೆಸರೂ ಹೌದು. ಆ ಶ್ಲೇಷೆಯನ್ನು ಹಿಡಿದು ‘ದಿ ಸನ್’ ಪತ್ರಿಕೆ ಇಂಗ್ಲೆಂಡ್ ತಂಡವನ್ನು ಟರ್ನಿಪ್ ಗಡ್ಡೆಗಳೆಂದು ಹಂಗಿಸಿ, ತರಬೇತುದಾರ ಗ್ರಹಾಂ ಟೇಲರರ ಮುಖವನ್ನೇ ಗಡ್ಡೆಯಾಗಿ ಚಿತ್ರಿಸಿತು. ಓದಿದವರು ನಕ್ಕಿರಬೇಕು, ನಗುವಂತೆಯೇ ಇದೆ. ಆದರೆ ಮೊದಲು ಗೋಲು ಹೊಡೆದ ಇಂಗ್ಲೆಂಡ್ ದ್ವಿತೀಯಾರ್ಧದಲ್ಲಿ ಸೋತದ್ದು ಏಕೆ? ಆಟ ಸಮವಾಗಿದ್ದಾಗ ಗ್ಯಾರಿ ಲಿನೆಕರನನ್ನು ಹೊರಗೆ ಕರೆದದ್ದು ಸರಿಯೆ? ಅಭಿಮಾನಿಗೆ ಬೇಕಾದ ಪ್ರಶ್ನೆಗಳು ಇವು. ವಾಟ್‌ಫರ್ಡ್ ಎಂಬ ಸಣ್ಣ ತಂಡವನ್ನು ನಾಲ್ಕನೆಯ ದರ್ಜೆಯಿಂದ ಮೊದಲನೆಯ ದರ್ಜೆಗೆ ಏರಿಸಿ, 1983ರಲ್ಲಿ ಅಲ್ಲಿಯೂ ಎರಡನೆಯ ಸ್ಥಾನಕ್ಕೆ ತಂದ ಮನುಷ್ಯ ಟೇಲರ್. ಆ ಗಡ್ಡೆಯ ಚಿತ್ರ ಅವರು 2017ರಲ್ಲಿ ತೀರಿಕೊಳ್ಳುವವರೆಗೂ ಅವರ ಬೆನ್ನು ಬಿಡಲಿಲ್ಲ.

ಹಾಸ್ಯವಾದರೂ ಬಯಲಿನಲ್ಲಿ ಹೊಡೆಯುತ್ತದೆ. ಪಕ್ಷಪಾತ ಹಾಗಲ್ಲ, ಅದು ಕಾಣದಂತೆ ನುಸುಳುತ್ತದೆ. 2018ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ರಹೀಂ ಸ್ಟರ್ಲಿಂಗ್ ಒಂದೇ ಪತ್ರಿಕೆಯ ಎರಡು ತಲೆಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಜನರಿಗೆ ತೋರಿಸಿದ. ಅವನ ತಂಡದ ಇಬ್ಬರು ಎಳೆಯ ಆಟಗಾರರು ತಮ್ಮ ತಾಯಂದಿರಿಗಾಗಿ ಮನೆ ಕೊಂಡಿದ್ದರು. ಬಿಳಿಯ ಹುಡುಗ ಫಿಲ್ ಫೋಡನ್ ತಾಯಿಗೆ ಮನೆ ಕೊಡಿಸಿದ ಮಗನಾದ. ಕರಿಯ ಹುಡುಗ ಟೋಸಿನ್ ಅದರಾಬಿಯೊ, ಇನ್ನೂ ನೆಟ್ಟಗೆ ಆಡದೆಯೇ ಬಂಗಲೆಗೆ ದುಡ್ಡು ಚೆಲ್ಲಿದವನಾದ. ಮಾಡಿದ ಕೆಲಸ ಒಂದೇ. ಬರೆದ ಕೈ ಮಾತ್ರ ಎರಡು ಬಗೆಯಾಗಿ ಓಡಿತು. ಇಂಥ ಬರಹವೇ ಜನಾಂಗದ್ವೇಷಕ್ಕೆ ಎಣ್ಣೆ ಹೊಯ್ಯುತ್ತದೆ ಎಂದ ಸ್ಟರ್ಲಿಂಗ್. ನನ್ನ ‘ಸೋಮಾರಿ’ ಎಂಬ ಮಾತು ಎಲ್ಲಿಂದ ಬಂದಿತ್ತೋ ಎಂದು ಆಗ ನನಗೆ ನಾಚಿಕೆಯಾಯಿತು.

ಇನ್ನು, ನಿಜವನ್ನು ಪರೀಕ್ಷಿಸದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಹಿಲ್ಸ್‌ಬರೋ ಸಾಕ್ಷಿ. 1989ರ ಏಪ್ರಿಲ್ 15ರಂದು ಷೆಫೀಲ್ಡಿನ ಆ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಂ ಫಾರೆಸ್ಟ್ ತಂಡಗಳ ಪಂದ್ಯ. ಪೊಲೀಸರು ಗೇಟು ತೆರೆಸಿದಾಗ, ಆಗಲೇ ಕಿಕ್ಕಿರಿದಿದ್ದ ಆವರಣದೊಳಕ್ಕೆ ಇನ್ನಷ್ಟು ಜನ ಹರಿದರು. ಆ ಒತ್ತಡದಿಂದ ಪ್ರಾಣ ತೆತ್ತವರ ಸಂಖ್ಯೆ ಕೊನೆಗೆ 97. ನಾಲ್ಕೇ ದಿನಗಳಲ್ಲಿ ‘ದಿ ಸನ್’ ಪತ್ರಿಕೆ, ಅಭಿಮಾನಿಗಳು ಸತ್ತವರ ಜೇಬು ದೋಚಿದರೆಂದು ‘ಸತ್ಯ’ ಎಂಬ ತಲೆಬರಹದಡಿಯಲ್ಲಿ ಅಚ್ಚುಮಾಡಿತು. ಅದು ಸುಳ್ಳು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ದುಃಖದ ಮೇಲೆ ಕಳಂಕವನ್ನೂ ಹೊರಬೇಕಾಯಿತು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಬಂದ ಮೇಲೆ ಪತ್ರಿಕೆ ತಪ್ಪೊಪ್ಪಿಕೊಂಡಿತು. ದುರಂತಕ್ಕೆ ಅಭಿಮಾನಿಗಳು ಕಾರಣರಲ್ಲವೆಂದು 2016ರಲ್ಲಿ ಜ್ಯೂರಿ ತೀರ್ಮಾನಿಸಿತು. ಒಂದು ದಿನದ ತಲೆಬರಹವನ್ನು ಅಳಿಸಲು 27 ವರ್ಷ! ಲಿವರ್‌ಪೂಲಿನ ಅನೇಕ ಅಂಗಡಿಗಳಲ್ಲಿ ಆ ಪತ್ರಿಕೆಯನ್ನು ಇಂದಿಗೂ ಮಾರುವುದಿಲ್ಲ.

ಎಲ್ಲ ವರದಿಗಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ‘ದಿ ಗಾರ್ಡಿಯನ್’ ಪತ್ರಿಕೆಯ ಡೇವಿಡ್ ಕಾನ್ ಆ ನೊಂದ ಕುಟುಂಬಗಳ ಹೋರಾಟವನ್ನು ವರ್ಷಗಟ್ಟಲೆ ಬಿಡದೆ ಬರೆದರು. ಅವರೂ ಫುಟ್‌ಬಾಲಿನ ಲೇಖಕರೇ. ಪತ್ರಿಕೆಯವರಿಗೆ ಹೊತ್ತಿನ ಅವಸರ, ಯಜಮಾನರ ಒತ್ತಾಯ ಇರುತ್ತದೆಂಬುದನ್ನೂ ನಾನು ಬಲ್ಲೆ. ಮೇಲಾಗಿ, ಗದ್ದಲದ ಸುದ್ದಿಯನ್ನು ಮೊದಲು ತೆರೆದು ಓದುವವರು ನಾವೇ ಅಲ್ಲವೆ? ಕೊಳ್ಳುವವನಿದ್ದರೆ ತಾನೆ ಮಾರುವವನು?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದರು ಹಿರಿಯರು. ಕಂಡವನಿಗೇ ಈ ಬುದ್ಧಿವಾದವಾದರೆ, ಐದು ಸಾವಿರ ಮೈಲಿಯಾಚೆ ಕುಳಿತು ಬರಿಯ ಓದಿನಿಂದ ತೀರ್ಪು ಕೊಡುವ ನಮಗೆ ಎಷ್ಟು ಎಚ್ಚರ ಬೇಡ? ವರದಿಗಾರರನ್ನು ತಿದ್ದುವ ಶಕ್ತಿ ನಮಗಿಲ್ಲ. ನೋಡದ ಆಟಗಾರನನ್ನು ಬಯ್ಯದಿರುವ ಶಕ್ತಿಯಂತೂ ಇದೆ. ಊಟದ ಮನೆಯಲ್ಲಿ ನಾನು ಈಗ ಅಷ್ಟನ್ನು ಅಭ್ಯಾಸಮಾಡುತ್ತಿದ್ದೇನೆ. ಸಹಪಾಠಿಗಳೂ ಜೊತೆಗೂಡಿದರೆ ಸಂತೋಷ.