ಮನವಿ ಪತ್ರ: ಕರ್ನಾಟಕದಲ್ಲೇ ಹುಟ್ಟಿ ಬೆಳೆದ ಟಿಬೆಟನ್ ವಿದ್ಯಾರ್ಥಿಗಳ ಓದು ಮತ್ತು ಉದ್ಯೋಗ

ಗೆ,
ಮಾನ್ಯ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಇಂದ,
ಬೈಲುಕುಪ್ಪೆ, ಗುರುಪುರ, ಒಡೆಯರಪಾಳ್ಯ ಮತ್ತು ಮುಂಡಗೋಡದ ಟಿಬೆಟನ್ ನಿರಾಶ್ರಿತರ ಕ್ಯಾಂಪ್‌ಗಳಿಂದ ಬಂದು ಪುಣೆಯಲ್ಲಿ ಓದುತ್ತಿರುವ ವಿದ್ಯಾರ್ಥಿಗಳು

ವಿಷಯ: ವೃತ್ತಿಶಿಕ್ಷಣದ ಸೀಟು, ಆರ್‌ಸಿ ನವೀಕರಣ ಹಾಗೂ ಉದ್ಯೋಗದ ಬಗ್ಗೆ ಸ್ಪಷ್ಟ ಆದೇಶ ಕೋರಿ.

ಮಾನ್ಯರೇ,

ಮಹಾರಾಷ್ಟ್ರದಲ್ಲಿದ್ದುಕೊಂಡು ಬೆಂಗಳೂರಿಗೆ ಬರೆಯಲು ಕಾರಣವಿದೆ. ನಮ್ಮ ಜನನ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ, ವಿದೇಶಿಯರ ನೋಂದಣಿ ಪತ್ರ (ಆರ್‌ಸಿ) ಎಲ್ಲವೂ ಕರ್ನಾಟಕದವು. ನಮ್ಮ ಕೆಲಸ ಇಲ್ಲಿ ಎಲ್ಲಿ ನಿಂತರೂ ಅದರ ಬುಡ ನಿಮ್ಮ ಕಚೇರಿಗಳಲ್ಲಿದೆ.

1960ರಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟ್‌ನಿಂದ ಬಂದ ನಮ್ಮ ಹಿರಿಯರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಅಲ್ಲಿ ಮುಸುಕಿನ ಜೋಳ ಬೆಳೆದ ನಮ್ಮ ಅಜ್ಜ ಅಜ್ಜಿಯರು ಆ ಋಣ ಮರೆತವರಲ್ಲ. ತಂದೆತಾಯಿಯರು ಚಳಿಗಾಲ ಬಂತೆಂದರೆ ಸ್ವೆಟರ್ ಗಂಟು ಹೊತ್ತು ನಗರಗಳಿಗೆ ಹೊರಡುವವರು. ನಮ್ಮಲ್ಲಿ ಹಲವರ ಫೀಸು ಇಂದಿಗೂ ಆ ವ್ಯಾಪಾರದಿಂದಲೇ ಬರಬೇಕು. ಚಳಿ ಕಡಿಮೆಯಾದ ವರ್ಷ ಕೈಸಾಲವೇ ಗತಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಭಾರತೀಯ ಪೌರತ್ವ ಬೇಕು.

ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಸರ್ಕಾರಿ ಸೀಟಿಗೂ ಅದೇ ಅರ್ಹತೆ. ಹೀಗಾಗಿ ರಾಜ್ಯದಲ್ಲೇ ಹನ್ನೆರಡನೇ ತರಗತಿವರೆಗೆ ಓದಿದವರು ಹೊರಗೆ ಸೀಟು ಹುಡುಕುತ್ತೇವೆ. ಹೊರಗಿನ ಅರ್ಜಿಗಳಲ್ಲಿ ಇರುವುದು ಎರಡೇ ಕಲಮು: ಭಾರತೀಯ, ವಿದೇಶಿ. 'ವಿದೇಶಿ' ಎಂದು ಗುರುತು ಹಾಕಿದ ಕೂಡಲೇ ಪಾಸ್‌ಪೋರ್ಟ್ ಮತ್ತು ವಿದ್ಯಾರ್ಥಿ ವೀಸಾ ಕೇಳುತ್ತಾರೆ, ಶುಲ್ಕವೂ ವಿದೇಶಿಯರದ್ದು. ಕೊಡಗಿನ ಗಡಿ ದಾಟಿದ್ದೇ ದೊಡ್ಡ ಪ್ರಯಾಣವಾಗಿದ್ದವರ ಬಳಿ ವೀಸಾ ಎಲ್ಲಿಂದ ಬರಬೇಕು? ಬಾಡಿಗೆ ಮನೆಯ ಪೊಲೀಸ್ ಪರಿಶೀಲನೆಯಲ್ಲೂ ಇದೇ ಪ್ರಶ್ನೆ.

ಪೌರತ್ವ ಪಡೆಯಬಾರದೇ ಎಂದು ತಾವು ಕೇಳಬಹುದು. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಜನ್ಮತಃ ಪೌರರು ಎಂಬ ನಿಯಮ ಟಿಬೆಟನ್ನರಿಗೂ ಸಲ್ಲುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. ಆದರೆ ಪಾಸ್‌ಪೋರ್ಟ್ ಬೇಕಾದರೆ, ಹಾಗೆ ಪೌರರಾದವರೂ ಆರ್‌ಸಿ ಹಿಂದಿರುಗಿಸಿ ಕ್ಯಾಂಪ್ ಬಿಡಬೇಕೆಂಬ ಷರತ್ತು 2017ರಲ್ಲಿ ಬಂದಿತು. ಮನೆಯ ಹಿರಿಯರನ್ನು ಬಿಟ್ಟು ಕಾಗದ ಆರಿಸಿಕೊಳ್ಳುವ ಲೆಕ್ಕ ಅದು. ಆ ವಿಚಾರ ಕೇಂದ್ರಕ್ಕೆ ಸೇರಿದ್ದು. ಇಲ್ಲಿ ಅದನ್ನು ಕೇಳುತ್ತಿಲ್ಲ. ರಾಜ್ಯದ ಕೈಯಲ್ಲಿ ಇರುವುದನ್ನಷ್ಟೇ ಕೇಳುತ್ತಿದ್ದೇವೆ.

ಕೇಂದ್ರ ಗೃಹ ಸಚಿವಾಲಯದ 2014ರ ಟಿಬೆಟನ್ ಪುನರ್ವಸತಿ ನೀತಿಯು, ಅರ್ಹತೆ ಇರುವ ಟಿಬೆಟನ್ನರು ನರ್ಸಿಂಗ್, ಬೋಧನೆ, ಲೆಕ್ಕಪರಿಶೋಧನೆ, ವೈದ್ಯಕೀಯ, ಎಂಜಿನಿಯರಿಂಗ್ ಮುಂತಾದ ವೃತ್ತಿ ಮಾಡಬಹುದೆಂದು ಹೇಳುತ್ತದೆ. ವೃತ್ತಿಗೆ ಅವಕಾಶವಿದ್ದು ಆ ವೃತ್ತಿಯ ಓದಿಗೆ ಇಲ್ಲದಿರುವುದು ನಮಗೆ ಅರ್ಥವಾಗಿಲ್ಲ. ಆದ್ದರಿಂದ ಕರ್ನಾಟಕದ ಕ್ಯಾಂಪ್ ಶಾಲೆಗಳಲ್ಲಿ ಓದಿದವರಿಗೆ ವೃತ್ತಿಶಿಕ್ಷಣದಲ್ಲಿ ರಾಜ್ಯದ ವಿದ್ಯಾರ್ಥಿಗಳ ಶುಲ್ಕದಲ್ಲೇ ಪ್ರವೇಶ ಸಿಗುವಂತೆ ನಿಯಮ ತಿದ್ದಬೇಕು. ಇತರರ ಸೀಟು ಕಸಿಯುವುದು ಬೇಡ, ಕೆಲವು ಹೆಚ್ಚುವರಿ ಸೀಟು ಸಾಕು.

ಆರ್‌ಸಿ ನವೀಕರಣ ಪರೀಕ್ಷೆಯ ಹೊತ್ತಿಗೇ ಬಂದರೆ ಪುಣೆಯಿಂದ ಊರಿಗೆ ಓಡಬೇಕು. ಅರ್ಜಿ ಹಾಕಿದ ರಸೀದಿಯನ್ನೇ ಹೊಸ ಪತ್ರ ಕೈಸೇರುವವರೆಗೆ ಮಾನ್ಯ ದಾಖಲೆ ಎಂದು ಜಿಲ್ಲಾ ಪೊಲೀಸ್ ಕಚೇರಿಗಳು ಬರೆದುಕೊಟ್ಟರೆ ಅರ್ಧ ತೊಂದರೆ ತೀರುತ್ತದೆ. ಇದಕ್ಕೆ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಆರ್‌ಸಿ ಎಂದರೇನು, ಅದನ್ನು ಹೊಂದಿದವರು ನೌಕರಿಗೆ ಸೇರಬಹುದೇ ಎಂಬುದನ್ನು ವಿವರಿಸುವ ಒಂದು ಪುಟದ ಅಧಿಕೃತ ಪತ್ರವನ್ನೂ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಹೊರಡಿಸಬೇಕು. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಿ, ದಾಖಲೆ ಕೇಳುವ ಹಂತದಲ್ಲಿ ಕೆಲಸ ತಪ್ಪಿಸಿಕೊಂಡವರು ನಮ್ಮಲ್ಲಿದ್ದಾರೆ.

ಮುಂದಿನ ಸಾಲಿನ ಸಿಇಟಿ ಅಧಿಸೂಚನೆ ಹೊರಡುವ ಮೊದಲು ಉನ್ನತ ಶಿಕ್ಷಣ, ಗೃಹ ಮತ್ತು ಕಂದಾಯ ಇಲಾಖೆಗಳ ಅಧಿಕಾರಿಗಳೊಂದಿಗೆ ನಮ್ಮ ಪ್ರತಿನಿಧಿಗಳ ಸಭೆ ಕರೆಯಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ವಿದ್ಯಾರ್ಥಿಗಳ ಸಹಿಗಳನ್ನು ಲಗತ್ತಿಸಿದೆ)
ಸ್ಥಳ: ಪುಣೆ

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು, ಚಾಮರಾಜನಗರ ಮತ್ತು ಉತ್ತರ ಕನ್ನಡ