ಗುಳೆ ಹೋದವರು ಯಾವ ತಾಲ್ಲೂಕಿನ ಲೆಕ್ಕ?

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾದಂದಿನಿಂದ ಆ ಚರ್ಚೆ ಮತ್ತೆ ಕಾವೇರಿದೆ. ಯಾವ ತಾಲ್ಲೂಕು ಹಿಂದುಳಿದ ಪಟ್ಟಿಗೆ ಸೇರಬೇಕು, ಯಾರಿಗೆ ಎಷ್ಟು ಅನುದಾನ ಎಂಬುದರ ಸುತ್ತಲೇ ಹಗ್ಗಜಗ್ಗಾಟ. ಆದರೆ ಮೊದಲು ಇತ್ಯರ್ಥವಾಗಬೇಕಾದ್ದು ಅಳೆಯುವುದು ಏನನ್ನು ಎಂಬುದು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆಯ ಸರಾಸರಿಗೆ ಮರುಳಾಗದೆ ತಾಲ್ಲೂಕಿಗೆ ಇಳಿಯಿತು. 35 ಸೂಚಕಗಳನ್ನಿಟ್ಟುಕೊಂಡು ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಉತ್ತರ ಕರ್ನಾಟಕದ ಜನರ ಗೋಳಿಗೆ ಅಂಕಿ ಅಂಶದ ಬಲ ಬಂದದ್ದು ಈ ಅಧ್ಯಯನದಿಂದ. ಅದಕ್ಕೆ ನಾವು ಋಣಿಗಳಾಗಿರಬೇಕು. ಆದರೂ ಆಸ್ಪತ್ರೆಯ ಹಾಸಿಗೆ, ಬ್ಯಾಂಕ್ ಶಾಖೆ, ರಸ್ತೆಗಳಂಥ ಸೂಚಕಗಳು ತಾಲ್ಲೂಕಿನಲ್ಲಿ ಏನಿದೆ ಎಂದು ಹೇಳುತ್ತವೆಯೇ ಹೊರತು, ಅಲ್ಲಿ ಹೊಟ್ಟೆ ತುಂಬದೆ ಊರು ಬಿಟ್ಟವರೆಷ್ಟು ಎಂದು ಹೇಳುವುದಿಲ್ಲ.

ರಾಯಚೂರು, ಯಾದಗಿರಿ ಕಡೆಯ ಒಣಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದರೆ ಪಾತ್ರೆ, ಹಾಸಿಗೆ ಕಟ್ಟಿಕೊಂಡು ಸಂಸಾರಗಳು ಗುಳೆ ಹೊರಡುತ್ತವೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ. ಮಗುವಿನ ಹೆಸರು ಶಾಲೆಯ ದಾಖಲಾತಿಯಲ್ಲಿರುತ್ತದೆ, ಮಗು ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತದೆ. ಅಪ್ಪ ಅವ್ವ ಕಟ್ಟಿದ ಕಟ್ಟಡದ ಮೌಲ್ಯ ಸೇರುವುದು ಬೆಂಗಳೂರು ನಗರ ಜಿಲ್ಲೆಯ ಉತ್ಪನ್ನಕ್ಕೆ. ಹೀಗೆ ಅವರ ದುಡಿಮೆ ಮುಂದುವರಿದ ಜಿಲ್ಲೆಯ ಅಂಕಿಯನ್ನು ಇನ್ನಷ್ಟು ಎತ್ತರಿಸುತ್ತದೆ.

ದುಡಿಯುವ ಕೈ ಕೆಲಸವಿರುವ ಕಡೆ ಹರಿಯುವುದೇ ಬೆಳವಣಿಗೆ, ತಡೆಯಬಾರದು ಎಂಬ ವಾದವಿದೆ. ವಿಶ್ವಬ್ಯಾಂಕಿನ 2009ರ ವಿಶ್ವ ಅಭಿವೃದ್ಧಿ ವರದಿಯೂ ಬಹುಮಟ್ಟಿಗೆ ಇದನ್ನೇ ಹೇಳಿತ್ತು. ನಗರಕ್ಕೆ ಬಂದು ನೆಲೆ ನಿಂತವರ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಗುಳೆಯವರು ನೆಲೆ ನಿಲ್ಲುವುದಿಲ್ಲ. ಮತದಾರರ ಪಟ್ಟಿ, ಜಮೀನು, ಸಾಲ ಎಲ್ಲವೂ ಊರಲ್ಲೇ, ಮುಂಗಾರಿಗೆ ವಾಪಸ್ಸು. ಇಂಥ ಓಡಾಟವನ್ನು ಎಣಿಸುವುದಾದರೂ ಹೇಗೆ ಎಂಬ ಆಕ್ಷೇಪ ಇನ್ನೊಂದು. ಅದಕ್ಕೂ ದಾರಿಯಿದೆ: ಶಾಲೆಗಳ ತಿಂಗಳುವಾರು ಹಾಜರಾತಿ ಇದೆ. ಪಡಿತರವನ್ನು ಯಾವ ಅಂಗಡಿಯಲ್ಲಿ ಎತ್ತಿದರೆಂಬ ದಾಖಲೆ ಇದೆ. ಉದ್ಯೋಗ ಖಾತ್ರಿಯಲ್ಲಿ ಯಾವ ತಿಂಗಳು ಎಷ್ಟು ಮಂದಿ ದುಡಿದರೆಂಬ ಲೆಕ್ಕವೂ ಇದೆ. ಮೂರನ್ನೂ ತಾಲ್ಲೂಕುವಾರು ಜೋಡಿಸಿ ನೋಡುವುದು ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳ ಕೈಲಾಗದ ಕೆಲಸವೇನಲ್ಲ. ಸರ್ಕಾರ ಜನರ ಹೆಸರು ತೆಗೆದು ಈ ಮಾಹಿತಿ ಕೊಡಬೇಕು, ಅಷ್ಟೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುತ್ತಿರುವಾಗ, ಆ ಹಣದಿಂದ ಎಷ್ಟು ಕಾಮಗಾರಿ ಮುಗಿಯಿತು ಎಂಬುದರ ಜೊತೆಗೆ ಎಷ್ಟು ಮನೆಗಳ ಗುಳೆ ನಿಂತಿತು ಎಂಬುದನ್ನೂ ವರ್ಷವರ್ಷ ಶಾಸನಸಭೆಯ ಮುಂದಿಡಲೇಬೇಕು.